ಮಡಿಲು ತುಂಬಿ ಕಳಿಸಿದೆವು, ತಾರೀಖು ಹೇಳಿಕೊಡಲಿಲ್ಲ: ಅಮೆರಿಕದ ಕನ್ನಡ ಕೂಟಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರು,
ಅಮೆರಿಕ ಸಂಯುಕ್ತ ಸಂಸ್ಥಾನದ ಎಲ್ಲ ಕನ್ನಡ ಕೂಟಗಳು

ಮಾನ್ಯರೇ, ನಮಸ್ಕಾರ.

ಯುಗಾದಿ, ಗಣೇಶ, ರಾಜ್ಯೋತ್ಸವ ಎಂದು ವರ್ಷವಿಡೀ ದುಡಿಯುವ ನಿಮಗೆ ಇನ್ನೊಂದು ಕೆಲಸ ಹೊರಿಸುವುದಕ್ಕೆ ಈ ಪತ್ರ ಬರೆಯುತ್ತಿದ್ದೇವೆ. ಕರ್ನಾಟಕದಲ್ಲಿ ಮದುವೆಯಾಗಿ, ಅಮೆರಿಕದ ಪ್ರಜೆಯಾದ ಗಂಡನ ಅರ್ಜಿಯ ಮೇಲೆ ವಲಸೆ ವೀಸಾ ಪಡೆದು ಇಲ್ಲಿಗೆ ಬಂದಿಳಿಯುವ ಹೆಣ್ಣುಮಕ್ಕಳ ವಿಷಯ ಇದು. ಹೆಂಡತಿಯ ಅರ್ಜಿಯ ಮೇಲೆ ಬರುವ ಗಂಡಸರಿಗೂ ಇದೇ ನಿಯಮ, ಇದೇ ತೊಡಕು; ಅವರ ಕೈಯಲ್ಲಿ ಸಾಮಾನ್ಯವಾಗಿ ಅವರವರ ಕಾಗದ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ. ನಾವು ವಕೀಲರಲ್ಲ. ಫಾರಂ ತುಂಬಲು, ಕಾಗದ ಜೋಡಿಸಲು ಬಂದವರಿಗೆ ಕೈಲಾದ ನೆರವು ಕೊಡುವವರು, ಅಷ್ಟೆ.

ಮೊದಲು ಕಾನೂನು. ಮದುವೆಯ ಹೆಸರಿನಲ್ಲಿ ನಡೆಯುವ ಮೋಸವನ್ನು ತಡೆಯಲೆಂದು 1986ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ತಿದ್ದುಪಡಿ ತಂದಿತು. ಅದರಂತೆ, ದೇಶದೊಳಕ್ಕೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಷರತ್ತಿನ ಮೇಲಿನ ಕಾಯಂ ನಿವಾಸ, ನಮ್ಮವರ ಬಾಯಲ್ಲಿ ‘ಎರಡು ವರ್ಷದ ಕಾರ್ಡು’. ವೀಸಾದ ಮೇಲೆ ಇದರ ಗುರುತು ಸಿಆರ್-1. ಎರಡು ವರ್ಷ ತುಂಬಿದ್ದರೆ ಐಆರ್-1, ಹತ್ತು ವರ್ಷದ ಕಾರ್ಡು. ಷರತ್ತನ್ನು ತೆಗೆಸಲು ಎರಡನೇ ವರ್ಷದ ಕೊನೆಯ 90 ದಿನಗಳಲ್ಲಿ ಗಂಡ ಹೆಂಡತಿ ಜೊತೆಯಾಗಿ ಐ-751 ಎಂಬ ಅರ್ಜಿ ಹಾಕಬೇಕು. ಹಾಕದಿದ್ದರೆ ನಿವಾಸದ ಹಕ್ಕು ತಾನಾಗಿಯೇ ಬಿದ್ದುಹೋಗುತ್ತದೆ, ಗಡೀಪಾರಿನ ಪ್ರಕ್ರಿಯೆ ಶುರುವಾಗಬಹುದು.

ಈಗ ನಮ್ಮ ದೂರಿನ ಬೇರು. ಒಳಗೆ ಬಿಟ್ಟುಕೊಳ್ಳುವಾಗಲೇ ಈ ಷರತ್ತನ್ನೂ ಈ 90 ದಿನದ ವಿಷಯವನ್ನೂ ಬಂದವರಿಗೆ ತಿಳಿಸಬೇಕು, ಗಡುವು ಹತ್ತಿರ ಬಂದಾಗ ಇನ್ನೊಮ್ಮೆ ನೆನಪಿಸಬೇಕು ಎಂದು ಅದೇ ಕಾನೂನು ಹೇಳುತ್ತದೆ. ಪಕ್ಕದಲ್ಲೇ ಇನ್ನೊಂದು ಮಾತೂ ಇದೆ: ತಿಳಿಸದೇ ಹೋದರೂ ಗಡುವು ಗಡುವೇ. ಹೇಳುವುದು ಅವರ ಕರ್ತವ್ಯ, ಹೇಳದಿದ್ದರೆ ದಂಡ ನಮಗೆ. ಹದಿನಾರು ಇಪ್ಪತ್ತು ಗಂಟೆ ವಿಮಾನದಲ್ಲಿ ಕೂತು ಬಂದು, ಬೆರಳಚ್ಚು ಕೊಟ್ಟು, ಪರಿಚಯವಿಲ್ಲದ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗಳಿಗೆ ತಡವರಿಸುತ್ತ ನಿಂತ ಇಪ್ಪತ್ತೈದರ ಹುಡುಗಿಗೆ, ಕೌಂಟರಿನ ಆಚೆಯವರು ಒಂದು ಸಾಲಿನಲ್ಲಿ ಏನೋ ಹೇಳಿ ಮುದ್ರೆ ಒತ್ತಿದರೆ ಅದು ತಿಳಿಸಿದಂತಾಯಿತೇ? ದಾಖಲೆಯ ಮಟ್ಟಿಗೆ ಆಯಿತು. ಈ ಸಂದನ್ನು ಅಮೆರಿಕ ಸರ್ಕಾರ ಸದ್ಯಕ್ಕೆ ತುಂಬುವ ಹಾಗೆ ಕಾಣುವುದಿಲ್ಲ. ನೀವು ತುಂಬಬಹುದು.

ತೊಡಕು ಏರ್‌ಪೋರ್ಟಿನಲ್ಲಿ ಶುರುವಾಗುವುದಿಲ್ಲ, ಅದಕ್ಕೂ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಶುರುವಾಗುತ್ತದೆ. ವೀಸಾ ಬೇಗ ಆಗಲಿ ಎಂದು ನಿಶ್ಚಿತಾರ್ಥದ ಬೆನ್ನಿಗೇ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆ ಮಾಡಿಸಿ, ಮುಹೂರ್ತವನ್ನು ಆರೇಳು ತಿಂಗಳ ಮೇಲೆ ಇಟ್ಟುಕೊಳ್ಳುವುದು ಈಗ ರೂಢಿ. ಮನೆಯವರ ಲೆಕ್ಕದಲ್ಲಿ ಮದುವೆ ಎಂದರೆ ಧಾರೆ ಎರೆದ ದಿನ. ಅಮೆರಿಕದ ಲೆಕ್ಕದಲ್ಲಿ, ರಿಜಿಸ್ಟ್ರಾರ್ ಕೊಟ್ಟ ಪ್ರಮಾಣಪತ್ರದಲ್ಲಿ ಮದುವೆಯ ದಿನಾಂಕವೆಂದು ಏನು ಬರೆದಿದೆಯೋ ಅದು. ಹಿಂದೂ ವಿವಾಹ ಕಾಯ್ದೆಯಡಿ ಆಮೇಲೆ ನೋಂದಾಯಿಸಿದವರಿಗೆ ಧಾರೆಯ ದಿನವೇ ಮದುವೆಯ ದಿನ, ನೋಂದಣಿಯ ದಿನ ಬೇರೆ. ಎರಡೂ ಒಂದೇ ಹಾಳೆಯಲ್ಲಿ ಇರುವುದರಿಂದ ಗೊಂದಲ. ಕಲ್ಯಾಣ ಮಂಟಪದವರೋ ದೇವಸ್ಥಾನದವರೋ ಕೊಟ್ಟ ಚೀಟಿ ಇಲ್ಲಿ ನಡೆಯುವುದಿಲ್ಲ ಎಂಬುದನ್ನು ಬಹಳ ಜನ ಬಲ್ಲರು, ಆದ್ದರಿಂದ ಅದನ್ನು ಬೆಳೆಸುವುದಿಲ್ಲ.

ಈ ದಿನಾಂಕಕ್ಕೆ ಯಾಕಿಷ್ಟು ತೂಕ ಎಂದರೆ, ಅರ್ಜಿಯಿಂದ ವೀಸಾವರೆಗೆ ಒಂದೂವರೆ ಎರಡು ವರ್ಷ ಹಿಡಿಯುವುದು ಅಪರೂಪವಲ್ಲ. ವೀಸಾ ಕೈಗೆ ಬರುವ ಹೊತ್ತಿಗೆ ಎರಡನೇ ವಾರ್ಷಿಕೋತ್ಸವ ಹತ್ತಿರ ಬಂದಿರುತ್ತದೆ. 2024ರ ಏಪ್ರಿಲ್ 20ಕ್ಕೆ ಮದುವೆಯಾದವರು 2026ರ ಏಪ್ರಿಲ್ 17ಕ್ಕೆ ಬಂದಿಳಿದರೆ ಎರಡು ವರ್ಷದ ಕಾರ್ಡು. ಅದೇ 22ಕ್ಕೆ ಬಂದಿಳಿದರೆ ಹತ್ತು ವರ್ಷದ ಕಾರ್ಡು; ಐ-751 ಇಲ್ಲ, ಅದರ 750 ಡಾಲರ್ ಇಲ್ಲ, ಅದರ ತೀರ್ಪಿಗಾಗಿ ವರ್ಷಗಟ್ಟಲೆ ಕಾಯುವುದೂ ಇಲ್ಲ. ವಲಸೆ ವೀಸಾ ಸಾಮಾನ್ಯವಾಗಿ ಆರು ತಿಂಗಳವರೆಗೆ ನಡೆಯುತ್ತದೆ. ವೈದ್ಯಕೀಯ ತಪಾಸಣೆ ಹಳೆಯದಾಗಿದ್ದರೆ ಅವಧಿ ಇನ್ನೂ ಕಡಿಮೆ. ಕೊನೆಯ ದಿನ ವೀಸಾದ ಮೇಲೆಯೇ ಅಚ್ಚಾಗಿರುತ್ತದೆ. ಆ ದಿನದೊಳಗೆ ಬರುವುದಾದರೆ ಟಿಕೆಟ್ಟನ್ನು ಐದು ದಿನ ಮುಂದೂಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಟಿಕೆಟ್ ತೆಗೆಯುವಾಗ ನೋಡುವುದು ರಾಹುಕಾಲ, ಗಂಡನ ರಜೆ, ದರ. ಈ ಲೆಕ್ಕವನ್ನು ನೋಡುವವರು ಕಮ್ಮಿ.

ಇದರಲ್ಲೊಂದು ಸೂಕ್ಷ್ಮವಿದೆ. ಮುಂಬೈ ಕಾನ್ಸುಲೇಟ್ ವೀಸಾ ಕೊಟ್ಟ ದಿನ ಎರಡು ವರ್ಷ ತುಂಬಿರಲಿಲ್ಲವಾದರೆ ಪಾಸ್‌ಪೋರ್ಟಿನಲ್ಲಿ ಸಿಆರ್-1 ಎಂದೇ ಅಚ್ಚಾಗಿರುತ್ತದೆ. ಬಂದಿಳಿಯುವ ದಿನಕ್ಕೆ ತುಂಬಿದ್ದರೆ ಅಧಿಕಾರಿ ಅದನ್ನು ಐಆರ್-1 ಎಂದು ತಿದ್ದಿ ಒಳಗೆ ಬಿಡಬೇಕು. ಅವರಾಗಿಯೇ ಗಮನಿಸಿದರೆ ಸರಿ, ಇಲ್ಲದಿದ್ದರೆ ಕೇಳಬೇಕು. ಕೇಳಲು ಮದುವೆಯ ಪ್ರಮಾಣಪತ್ರ ಕೈಚೀಲದಲ್ಲಿರಬೇಕು, ಸೂಟ್‌ಕೇಸಿನ ತಳದಲ್ಲಲ್ಲ. “ನಮ್ಮ ಮದುವೆಗೆ ಎರಡು ವರ್ಷ ತುಂಬಿದೆ, ದಯವಿಟ್ಟು ಐಆರ್-1 ಎಂದು ದಾಖಲಿಸಿ” ಎಂಬ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿ ಕಳಿಸಿದರೆ ಸಾಕು. ತಪ್ಪಾಗಿ ಎರಡು ವರ್ಷದ ಕಾರ್ಡು ಬಂದೇಬಿಟ್ಟರೆ ಐ-90 ಅರ್ಜಿಯಲ್ಲಿ ಇಲಾಖೆಯ ತಪ್ಪು ಎಂದು ನಮೂದಿಸಿ ತಿದ್ದಿಸಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಕೌಂಟರಿನಲ್ಲಿ ಎರಡು ನಿಮಿಷದಲ್ಲಿ ಆಗುವುದಕ್ಕೆ ಆಗ ತಿಂಗಳುಗಳು ಬೇಕು.

ಹೆಸರಿನ ವಿಷಯ ಕನ್ನಡಿಗರಿಗೇ ಅಂಟಿದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ. ನಮ್ಮಲ್ಲಿ ಮನೆತನದ ಹೆಸರು ಎಲ್ಲರಿಗೂ ಇಲ್ಲ. ಇನಿಷಿಯಲ್ ಇದೆ, ಅದು ಊರಿನದೋ ತಂದೆಯದೋ. ಪಾಸ್‌ಪೋರ್ಟಿನಲ್ಲಿ ಇಡೀ ಹೆಸರನ್ನು ಒಂದೇ ಕಡೆ ಬರೆಸಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು ಎಷ್ಟೋ ಮಂದಿ. ಊರಿನಲ್ಲಿ ಇದರಿಂದ ಏನೂ ಆಗುವುದಿಲ್ಲ. ಅಮೆರಿಕದ ವೀಸಾ ಮಾತ್ರ ಆ ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ಸರಿಸಿ, ಖಾಲಿ ಉಳಿದ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಅಚ್ಚುಹಾಕುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಚುಟುಕು ಅದು. ಅದೇ ಗ್ರೀನ್ ಕಾರ್ಡಿಗೆ ಬರುತ್ತದೆ, ಸೋಷಿಯಲ್ ಸೆಕ್ಯೂರಿಟಿಗೆ ಹೋಗುತ್ತದೆ, ಡ್ರೈವಿಂಗ್ ಲೈಸೆನ್ಸಿಗೆ ಹತ್ತುತ್ತದೆ, ಬ್ಯಾಂಕಿನಲ್ಲೂ ಕೂರುತ್ತದೆ. ಸುಮಾ ಎಂದು ನಾಮಕರಣ ಮಾಡಿದ ಮಗಳನ್ನು ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ‘ಫ್ನೂ’ ಎಂದು ಕೂಗುತ್ತಾರೆ. ನಗು ಬರುವ ಮಾತೇ, ಆದರೆ ಆಮೇಲೆ ತಿದ್ದಿಸಲು ಬಹುಪಾಲು ಕೋರ್ಟಿನ ಆದೇಶ ಬೇಕಾಗುತ್ತದೆ ಎಂಬುದು ನಗುವ ವಿಷಯವಲ್ಲ. ಪರಿಹಾರ ಸುಲಭ, ಸಮಯಕ್ಕೆ ಮಾಡಿದರೆ: ವಲಸೆ ವೀಸಾ ಕೇಳುವ ಡಿಎಸ್-260 ಅರ್ಜಿ ತುಂಬುವ ಮೊದಲೇ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೆಸರನ್ನು ಎರಡು ಭಾಗ ಮಾಡಿಸಿ ಮರುವಿತರಣೆ ಪಡೆಯಬೇಕು. ಟಿಕೆಟ್ಟಿನ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಇರಬೇಕು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿದ್ದು ಟಿಕೆಟ್ಟಿನಲ್ಲಿ ಗಂಡನ ಹೆಸರಿದ್ದರೆ ದೇವನಹಳ್ಳಿಯ ಚೆಕ್‌ಇನ್ ಕೌಂಟರಿನಲ್ಲೇ ಪಯಣ ನಿಲ್ಲುತ್ತದೆ.

ಬೆಂಗಳೂರಿನ ಇಮಿಗ್ರೇಷನ್ ಬಗ್ಗೆ ಹೆದರಿಸುವವರು ಬಹಳ. ಪಾಸ್‌ಪೋರ್ಟಿನಲ್ಲಿ ಇಸಿಆರ್ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು ಎಂಬ ಗುರುತು) ಎಂದಿದ್ದರೆ ಬಿಡುವುದಿಲ್ಲ ಎಂಬ ಮಾತು ಈಗಲೂ ಓಡಾಡುತ್ತಿದೆ. ಆ ನಿಯಮ ಕೊಲ್ಲಿ ದೇಶಗಳೂ ಸೇರಿದ ಒಂದು ನಿರ್ದಿಷ್ಟ ಪಟ್ಟಿಗೆ; ಅಮೆರಿಕ ಅದರಲ್ಲಿಲ್ಲ. ಅಲ್ಲಿ ಅಡ್ಡಿ ಬರುವುದು ತೀರ ಅಪರೂಪ.

ಬಂದಿಳಿಯುವ ಊರು ಯಾವುದು ಎಂಬುದರಲ್ಲಿ ಗಂಡನ ಮನೆಯವರೂ ಎಡವುತ್ತಾರೆ. ಇಮಿಗ್ರೇಷನ್ ನಡೆಯುವುದು ಮನೆಯಿರುವ ಊರಿನಲ್ಲಲ್ಲ, ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲಿ. ಫ್ರಾಂಕ್‌ಫರ್ಟ್ ಮೇಲೆ ಶಿಕಾಗೋಗೆ ಬಂದು ಅಲ್ಲಿಂದ ಸಣ್ಣ ಊರಿಗೆ ಹೋಗುವವರು ಶಿಕಾಗೋದಲ್ಲೇ ಇಮಿಗ್ರೇಷನ್ ಮುಗಿಸಿ, ಬೆಲ್ಟಿನಿಂದ ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಪೆಟ್ಟಿಗೆ ಒಪ್ಪಿಸಿ, ಮತ್ತೆ ಸೆಕ್ಯೂರಿಟಿ ದಾಟಬೇಕು. ವಲಸೆ ವೀಸಾದ ಕೆಲಸ ಅರ್ಧ ಗಂಟೆಯಲ್ಲೂ ಮುಗಿದೀತು, ಮೂರು ಗಂಟೆಯೂ ಹಿಡಿದೀತು. ಒಂದೂವರೆ ಗಂಟೆಯ ಕನೆಕ್ಷನ್ ತೆಗೆಯಬೇಡಿ. ನಾಲ್ಕು ಗಂಟೆ ಇಟ್ಟುಕೊಳ್ಳಿ. ಅಬುಧಾಬಿ ಅಥವಾ ಡಬ್ಲಿನ್ ಮೇಲೆ ಬರುವವರಿಗೆ ಇನ್ನೊಂದು ಬಗೆ. ಅಮೆರಿಕದ ಅಧಿಕಾರಿಗಳು ಅಲ್ಲಿಯೇ ಕೂತು ವಿಮಾನ ಹತ್ತುವ ಮೊದಲೇ ತಪಾಸಣೆ ಮುಗಿಸುತ್ತಾರೆ. ಅಬುಧಾಬಿಯಲ್ಲಿ ಎರಡು ಗಂಟೆಯ ಬಿಡುವು ಎಂದರೆ ಅಷ್ಟರಲ್ಲೇ ಬದುಕಿನ ಅತಿ ಮುಖ್ಯ ಮುದ್ರೆ ಬೀಳಬೇಕು. ಅಲ್ಲಿಂದ ಬಂದವರು ಅಮೆರಿಕದಲ್ಲಿ ಒಳನಾಡಿನ ಪ್ರಯಾಣಿಕರಂತೆ ಹೊರಬರುತ್ತಾರೆ. ಅತ್ತೆ ಮಾವ ಹೂಗುಚ್ಛ ಹಿಡಿದು ಅಂತರರಾಷ್ಟ್ರೀಯ ಬಾಗಿಲಲ್ಲಿ ಕಾಯುತ್ತಿರುತ್ತಾರೆ, ಸೊಸೆ ಇನ್ನೊಂದು ಬಾಗಿಲಲ್ಲಿ ಫೋನಿಗೆ ಸಿಮ್ಮಿಲ್ಲದೆ ನಿಂತಿರುತ್ತಾಳೆ.

ಕೈಚೀಲದಲ್ಲಿ ಏನಿರಬೇಕು ಎಂಬುದು ದೊಡ್ಡ ಪಟ್ಟಿಯೇನಲ್ಲ. ವೀಸಾ ಇರುವ ಪಾಸ್‌ಪೋರ್ಟ್; ಕಾನ್ಸುಲೇಟ್ ಮೊಹರು ಹಾಕಿದ ಲಕೋಟೆ ಕೊಟ್ಟಿದ್ದರೆ ಅದು, ಒಡೆಯದೆ. ಈಗ ಬಹಳಷ್ಟು ಪ್ರಕರಣಗಳಲ್ಲಿ ಲಕೋಟೆಯೇ ಇಲ್ಲ, ಕಡತ ಕಂಪ್ಯೂಟರಿನಲ್ಲೇ ಹೋಗುತ್ತದೆ. ಹಾಗಿದ್ದರೆ ವೀಸಾದ ಮೇಲೆ ‘ಐವಿ ಡಾಕ್ಸ್ ಇನ್ ಸಿಸಿಡಿ’ ಎಂದು ಅಚ್ಚಾಗಿರುತ್ತದೆ. ಆ ಸಾಲು ಗೊತ್ತಿಲ್ಲದೆ “ಕವರ್ ಕೊಡೋದು ಮರೆತುಬಿಟ್ಟರು” ಎಂದು ಮನೆಯಿಡೀ ಗಾಬರಿಯಾಗುವುದುಂಟು. ಎದೆಯ ಎಕ್ಸ್‌ರೇ ಸಿಡಿ ಕೊಟ್ಟಿದ್ದರೆ ಅದೂ ಕೈಯಲ್ಲಿರಲಿ. ಮದುವೆ ಪ್ರಮಾಣಪತ್ರದ ಪ್ರತಿ. ಗಂಡನ ಪೂರ್ತಿ ವಿಳಾಸ ಪಿನ್‌ಕೋಡಿನಂತಹ ಜಿಪ್ ಸಂಖ್ಯೆಯ ಸಮೇತ ಮತ್ತು ಫೋನ್ ನಂಬರು, ಕಾಗದದ ಮೇಲೆ ಬರೆದು. ತಪಾಸಣೆಯ ಹಾಲಿನಲ್ಲಿ ಫೋನ್ ತೆಗೆಯಲು ಬಿಡುವುದಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಗ್ರೀನ್ ಕಾರ್ಡಿಗೆ 235 ಡಾಲರಿನ ವಲಸೆ ಶುಲ್ಕವನ್ನು ಹೊರಡುವ ಮುಂಚೆಯೇ ಆನ್‌ಲೈನಿನಲ್ಲಿ ಕಟ್ಟಿರಬೇಕು. ವೀಸಾದಲ್ಲಿರುವ ‘ಎ’ ನಂಬರು, ಅಂದರೆ ವಲಸಿಗರಿಗೆ ಕೊಡುವ ಗುರುತಿನ ಸಂಖ್ಯೆ, ಮತ್ತು ಬಿಎಂಬಿ ಎಂದು ಶುರುವಾಗುವ ಮುಂಬೈ ಕೇಸ್ ನಂಬರು ಅದಕ್ಕೆ ಬೇಕು. ಕಟ್ಟದಿದ್ದರೆ ಒಳಗೆ ಬಿಡುವುದಿಲ್ಲ ಎಂದೇನಿಲ್ಲ, ಕಾರ್ಡು ತಯಾರಾಗುವುದಿಲ್ಲ ಅಷ್ಟೆ.

ಮೊದಲ ಕೌಂಟರಿನಿಂದ ‘ಸೆಕೆಂಡರಿ’ ಎಂಬ ಕೋಣೆಗೆ ಕಳಿಸುತ್ತಾರೆ. ಇದು ಸಂಶಯವಲ್ಲ, ಹೊಸ ವಲಸಿಗರ ಕಡತವನ್ನು ನೋಡುವ ಜಾಗವೇ ಅದು. ಈ ಒಂದು ಸಂಗತಿಯನ್ನು ಮೊದಲೇ ಹೇಳಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತದೆ. ಪಕ್ಕದ ಕುರ್ಚಿಯಲ್ಲಿ ಬೇರೆ ಕಾರಣಕ್ಕೆ ತಡೆಹಿಡಿದವರೂ ಕೂತಿರುತ್ತಾರೆ, ಹೆಸರು ಕೂಗುವವರು ಏರುದನಿಯಲ್ಲಿ ಕೂಗುತ್ತಾರೆ, ತನ್ನನ್ನೂ ವಾಪಸು ಕಳಿಸುತ್ತಾರೇನೋ ಅನ್ನಿಸುತ್ತದೆ. ಕೇಳುವ ಪ್ರಶ್ನೆಗಳು ಸರಳ: ಗಂಡನ ಹೆಸರೇನು, ಏನು ಕೆಲಸ, ಮದುವೆ ಯಾವಾಗ, ಎಲ್ಲಿ ಇರುತ್ತೀರಿ, ಕಾರ್ಡು ಯಾವ ವಿಳಾಸಕ್ಕೆ ಕಳಿಸಬೇಕು. ಇಂಗ್ಲಿಷ್ ತಡವರಿಸಿದರೆ ಹಿಂದಿ ಬಲ್ಲವರನ್ನು ಕರೆಯುವುದುಂಟು, ಇಂಡಿಯಾದವರಿಗೆಲ್ಲ ಹಿಂದಿ ಬರುತ್ತದೆ ಎಂಬ ಎಣಿಕೆಯಲ್ಲಿ. ಶಿರಸಿಯ ಅಥವಾ ಚಿಂತಾಮಣಿಯ ಹುಡುಗಿ ಅರ್ಧಂಬರ್ಧ ಹಿಂದಿಯಲ್ಲಿ ಹೂಂಗುಟ್ಟಿದರೆ ಅದು ಅವಳ ಹೇಳಿಕೆಯಾಗಿ ದಾಖಲಾಗುತ್ತದೆ. “ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್” ಎಂದು ಕೇಳಬಹುದು, ಫೋನಿನ ಮೂಲಕ ಅನುವಾದಕರನ್ನು ಸೇರಿಸುವ ವ್ಯವಸ್ಥೆ ಇದೆ. ಇಂಗ್ಲಿಷ್ ಬಾರದವರಿಗೆ ಭಾಷೆಯ ನೆರವು ಕೊಡಬೇಕೆಂದು ಇಲಾಖೆಗಳಿಗೆ ಹೇಳಿದ್ದ 2000ದ ಅಧ್ಯಕ್ಷೀಯ ಆದೇಶವನ್ನು 2025ರ ಮಾರ್ಚಿನಲ್ಲಿ ಹಿಂತೆಗೆದುಕೊಂಡಿದ್ದಾರೆ. ಸೇವೆ ನಿಲ್ಲಿಸಿ ಎಂದು ಹೊಸ ಆದೇಶ ಹೇಳಿಲ್ಲ, ಆದರೆ ಹಿಂದಿನ ಒತ್ತಾಸೆ ಈಗಿಲ್ಲ. ಹಾಗಾಗಿ ಕೇಳುವ ಧೈರ್ಯವನ್ನು ನಾವೇ ಕೊಟ್ಟು ಕಳಿಸಬೇಕು.

ಕೊನೆಗೆ ವೀಸಾ ಪುಟದ ಮೇಲೆ ಮುದ್ರೆ ಬೀಳುತ್ತದೆ. ಆ ಮುದ್ರೆ ಬಿದ್ದ ವೀಸಾ ಒಂದು ವರ್ಷದವರೆಗೆ ಗ್ರೀನ್ ಕಾರ್ಡಿನ ಬದಲಿಗೆ ನಡೆಯುತ್ತದೆ, ಹಾಗೆಂದು ವೀಸಾದ ಮೇಲೆಯೇ ಬರೆದಿದೆ. ಕೌಂಟರ್ ಬಿಡುವ ಮುನ್ನ ಮೂರು ನೋಡಬೇಕು: ಒಳಬಂದ ದಿನಾಂಕ, ಸಿಆರ್-1 ಅಥವಾ ಐಆರ್-1 ಎಂಬ ಗುರುತು, ಹೆಸರಿನ ಅಕ್ಷರ. ಹೊರಬಂದ ಮೇಲೆ ಮೊದಲು ಸೆಲ್ಫಿ ಅಲ್ಲ, ಆ ಪುಟದ ಫೋಟೋ. ಕಾರ್ಡು 90 ದಿನದವರೆಗೂ ತಡವಾಗಬಹುದು. ಅಂಚೆಯವರು ಹೆಸರು ನೋಡಿ ಹಾಕುವುದರಿಂದ ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಯ ಮೇಲೆ ಅವಳ ಹೆಸರೂ ಅಂಟಿಸಿರಬೇಕು. ಮನೆ ಬದಲಿಸಿದರೆ 10 ದಿನದೊಳಗೆ ಎಆರ್-11 ಎಂಬ ಫಾರಂ ಮೂಲಕ ತಿಳಿಸಬೇಕು.

ಕಸ್ಟಮ್ಸಿನಲ್ಲಿ ತಡೆಯುವುದು ನಮ್ಮ ಮಡಿಲಕ್ಕಿ. ಗಂಡನ ಮನೆಗೆ ಹೊರಟ ಮಗಳ ಮಡಿಲಿಗೆ ಅಕ್ಕಿ ಹಾಕಿ ಕಳಿಸದಿದ್ದರೆ ತಾಯಿಗೆ ಸಮಾಧಾನವಿಲ್ಲ, ಸರಿಯೇ. ಆದರೆ ಉಗ್ರಾಣದ ಕಾಳನ್ನು ಹಾಳುಮಾಡುವ ಖಾಪ್ರಾ ದುಂಬಿಯ ಭಯದಿಂದ, ಭಾರತದಿಂದ ಪ್ರಯಾಣಿಕರ ಪೆಟ್ಟಿಗೆಯಲ್ಲಿ ಅಕ್ಕಿ ತರುವುದನ್ನು ಅಮೆರಿಕ ನಿಷೇಧಿಸಿದೆ. ಹಸಿ ಕರಿಬೇವೂ ಅಷ್ಟೇ, ಅದು ನಿಂಬೆ ಕಿತ್ತಳೆ ಗಿಡಗಳ ರೋಗ ಹರಡುವ ಕೀಟದ ಆಸರೆ. ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಉಪ್ಪಿನಕಾಯಿಗೆ ಸಾಮಾನ್ಯವಾಗಿ ತಕರಾರಿಲ್ಲ. ತಿನ್ನುವ ಪದಾರ್ಥ ಇದೆ ಎಂದು ಹೇಳಿಬಿಟ್ಟರೆ ಆಗದ್ದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 300 ಡಾಲರ್ ದಂಡ ಬೀಳಬಹುದು. ಶಾಸ್ತ್ರಕ್ಕೆ ನಾಲ್ಕು ಕಾಳು ಊರಿನಲ್ಲೇ ಮಡಿಲಿಗೆ ಹಾಕಿ, ಉಳಿದದ್ದನ್ನು ಇಲ್ಲಿನ ಇಂಡಿಯನ್ ಅಂಗಡಿಯ ಸೋನಾ ಮಸೂರಿಯಲ್ಲಿ ತುಂಬಿಸಿಕೊಳ್ಳಲಿ.

ಇಷ್ಟು ಮೊದಲ ದಿನದ್ದು. ಗಂಭೀರವಾದದ್ದು ಮುಂದಿದೆ.

2026ರ ಮಾರ್ಚ್ 10ಕ್ಕೆ ಬಂದಿಳಿದವರ ಕಾರ್ಡು 2028ರ ಮಾರ್ಚ್ 10ಕ್ಕೆ ಮುಗಿಯುತ್ತದೆ. ಐ-751 ಹಾಕುವ 90 ದಿನ ಶುರುವಾಗುವುದು 2027ರ ಡಿಸೆಂಬರ್ 11ಕ್ಕೆ. ಅದಕ್ಕೂ ಮುಂಚೆ ಜೋಡಿಯಾಗಿ ಹಾಕಿದರೆ ವಾಪಸು ಬರುತ್ತದೆ, ಕಾರ್ಡು ಮುಗಿದ ಮೇಲೆ ಹಾಕಿದರೆ ತಡವಾದದ್ದಕ್ಕೆ ತಕ್ಕ ಕಾರಣ ಕೊಡಬೇಕು. ಅರ್ಜಿ ತಲುಪಿದ ಮೇಲೆ ಬರುವ ರಸೀದಿ ಪತ್ರ, ಮುಗಿದ ಕಾರ್ಡನ್ನು 48 ತಿಂಗಳು ವಿಸ್ತರಿಸುತ್ತದೆ. ಈ ನಡುವೆ ಊರಿಗೆ ಹೋದವರು ಮುಗಿದ ಕಾರ್ಡು ಮತ್ತು ರಸೀದಿಯ ಮೂಲಪ್ರತಿ, ಎರಡನ್ನೂ ಒಯ್ಯಬೇಕು. ವಾಪಸು ಬರುವಾಗ ಬೆಂಗಳೂರಿನ ಚೆಕ್‌ಇನ್‌ನಲ್ಲಿ ಕಾರ್ಡಿನ ತಾರೀಖು ನೋಡಿ “ಎಕ್ಸ್‌ಪೈರ್ ಆಗಿದೆ” ಎಂದು ನಿಲ್ಲಿಸಿದರೆ, ಆ ಪತ್ರದಲ್ಲಿರುವ ವಿಸ್ತರಣೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, ಮೇಲ್ವಿಚಾರಕರನ್ನು ಕರೆಯಿರಿ ಎನ್ನಬೇಕು.

ಅರ್ಜಿಯ ಜೊತೆ ಕೊಡಬೇಕಾದದ್ದು ಎರಡು ವರ್ಷ ಒಟ್ಟಿಗೆ ಸಂಸಾರ ಮಾಡಿದ ಪುರಾವೆ. ಧಾರೆಯ ಫೋಟೋ ಆಲ್ಬಂ ಇದಕ್ಕೆ ಸಾಲದು. ಇಬ್ಬರ ಹೆಸರಿನ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಮನೆ ಬಾಡಿಗೆ ಕರಾರು, ಜಂಟಿಯಾಗಿ ಸಲ್ಲಿಸಿದ ತೆರಿಗೆ ವಿವರ, ವಿಮೆಯಲ್ಲಿ ನಾಮನಿರ್ದೇಶನ, ಮಗುವಿನ ಜನನ ಪತ್ರ. ಎಲ್ಲವನ್ನೂ ತನ್ನೊಬ್ಬನ ಹೆಸರಿನಲ್ಲೇ ಇಟ್ಟುಕೊಂಡ ಗಂಡ ಕೆಟ್ಟವನೇ ಆಗಬೇಕಿಲ್ಲ, ಬರೀ ಸೋಮಾರಿಯಾಗಿದ್ದರೂ ಸಾಕು, ಇಪ್ಪತ್ತೊಂದನೇ ತಿಂಗಳಲ್ಲಿ ಕಡತ ಖಾಲಿ ಇರುತ್ತದೆ.

ಬಾಣಂತನಕ್ಕೆ ತವರಿಗೆ ಹೋಗುವವರ ವಿಷಯ ಬೇರೆಯೇ ಹೇಳಬೇಕು. ಏಳನೇ ತಿಂಗಳಿಗೆ ಹೊರಟು, ಹೆರಿಗೆಯಾಗಿ, ಐದು ತಿಂಗಳ ಆರೈಕೆ ಮುಗಿಸಿ ಬರುವುದೆಂದರೆ ಏಳೆಂಟು ತಿಂಗಳು. 180 ದಿನ ಮೀರಿ ಹೊರಗಿದ್ದು ಬಂದವರನ್ನು ಕಾನೂನು ಹೊಸದಾಗಿ ಪ್ರವೇಶ ಕೇಳುವವರಂತೆ ನೋಡಬಹುದು, ಪ್ರಶ್ನೆಗಳು ಬಿಗಿಯಾಗುತ್ತವೆ. ಒಂದು ವರ್ಷ ಮೀರಿದರೆ ಕಾರ್ಡೊಂದೇ ಸಾಲದು. ಹೆಚ್ಚು ದಿನ ಇರಬೇಕಾಗಬಹುದು ಎಂದು ಅನುಮಾನವಿದ್ದರೆ ಹೊರಡುವ ಮುನ್ನ, ಅಮೆರಿಕದಲ್ಲಿ ಇರುವಾಗಲೇ, ಐ-131 ಹಾಕಿ ರೀಎಂಟ್ರಿ ಪರ್ಮಿಟ್ ಕೇಳಬೇಕು. ಅದು ಎರಡು ವರ್ಷಕ್ಕೆ ಸಿಗುವಂಥದ್ದಾದರೂ ಷರತ್ತಿನ ಕಾರ್ಡಿನವರಿಗೆ ಷರತ್ತಿನ ಗಡುವನ್ನು ದಾಟುವುದಿಲ್ಲ. ಬಾಣಂತನದ ನಡುವೆಯೇ ಆ 90 ದಿನ ಬಂದರೂ ಗಡುವು ಕಾಯುವುದಿಲ್ಲ.

ಹೀಗೆ ತಡವಾಗಿ ಬಂದವರ ಮುಂದೆ ಕೆಲವೊಮ್ಮೆ ಐ-407 ಎಂಬ ಹಾಳೆ ಬರುತ್ತದೆ. ನಿವಾಸದ ಹಕ್ಕನ್ನು ತಾನಾಗಿ ಬಿಟ್ಟುಕೊಡುತ್ತಿದ್ದೇನೆ ಎಂಬ ಒಪ್ಪಿಗೆ ಅದು. ಸಹಿ ಹಾಕಲೇಬೇಕೆಂಬ ನಿಯಮವಿಲ್ಲ. “ಸಹಿ ಹಾಕುವುದಿಲ್ಲ, ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕು” ಎಂದು ಕೇಳುವ ಹಕ್ಕು ಎರಡು ವರ್ಷದ ಕಾರ್ಡಿನವರಿಗೂ ಇದೆ. ಷರತ್ತು ಒಂದನ್ನು ಬಿಟ್ಟರೆ ಉಳಿದ ಹಕ್ಕುಗಳೆಲ್ಲ ಹತ್ತು ವರ್ಷದ ಕಾರ್ಡಿನವರಂತೆಯೇ.

ಇದಕ್ಕಿಂತ ಮುಖ್ಯವಾದದ್ದನ್ನು ನಿಮ್ಮ ವೇದಿಕೆಗಳಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. “ನಿನ್ನ ಗ್ರೀನ್ ಕಾರ್ಡ್ ನನ್ನ ಕೈಲಿದೆ, ಕ್ಯಾನ್ಸಲ್ ಮಾಡಿಸಿ ವಾಪಸು ಕಳಿಸ್ತೀನಿ” ಎಂಬ ಬೆದರಿಕೆ ಸುಳ್ಳು. ಬಂದಿಳಿದು ಮುದ್ರೆ ಬಿದ್ದ ಮೇಲೆ ಆ ಕಾರ್ಡನ್ನು ರದ್ದು ಮಾಡುವ ಅಧಿಕಾರ ಗಂಡನಿಗಿಲ್ಲ. ಜಂಟಿ ಅರ್ಜಿಗೆ ಅವನು ಸಹಿ ಹಾಕದಿದ್ದರೂ ದಾರಿ ಮುಚ್ಚುವುದಿಲ್ಲ. ನಿಜವಾಗಿ ಮದುವೆಯಾಗಿ ವಿಚ್ಛೇದನವಾದರೆ, ಗಂಡ ಹೊಡೆದು ಬಡಿದು ಕ್ರೂರವಾಗಿ ನಡೆಸಿಕೊಂಡಿದ್ದರೆ, ಅಥವಾ ವಾಪಸು ಕಳಿಸಿದರೆ ವಿಪರೀತ ಕಷ್ಟವಾಗುವಂತಿದ್ದರೆ ಅವಳೊಬ್ಬಳೇ ವಿನಾಯಿತಿ ಕೇಳಿ ಐ-751 ಹಾಕಬಹುದು. ಇದಕ್ಕೆ ಆ 90 ದಿನ ಬರುವವರೆಗೆ ಕಾಯಬೇಕಿಲ್ಲ. ಪಾಸ್‌ಪೋರ್ಟನ್ನೂ ಕಾರ್ಡನ್ನೂ ಅತ್ತೆಯ ಬೀರುವಿನಲ್ಲಿ ಇಡಿಸಿಕೊಳ್ಳುವುದು ಜೋಪಾನವಲ್ಲ. ಹದಿನೆಂಟು ದಾಟಿದ ಕಾರ್ಡುದಾರರು ಅದನ್ನು ಸದಾ ತಮ್ಮ ಬಳಿ ಇಟ್ಟುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ರಾಷ್ಟ್ರೀಯ ಕೌಟುಂಬಿಕ ದೌರ್ಜನ್ಯ ಸಹಾಯವಾಣಿ 1-800-799-7233. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ನ್ಯೂಜೆರ್ಸಿಯಲ್ಲಿ ಮಾನವಿ, ಶಿಕಾಗೋದಲ್ಲಿ ಅಪ್ನಾ ಘರ್, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ ಸಂಸ್ಥೆಗಳಿವೆ.

ಮಾನ್ಯರೇ, ನಿಮ್ಮ ಮೇಲಿನ ದೂರು ಇಷ್ಟೆ. ಮದುವೆಯ ಮಾಹಿತಿ, ವೀಸಾದ ಮಾಹಿತಿ ಎಂದು ಕೂಟಗಳ ಮೂಲಕ ಹರಿಯುವುದೆಲ್ಲ ಗಂಡಿನ ಕಡೆಗೆ ಹರಿಯುತ್ತದೆ. ಸದಸ್ಯತ್ವ ಅವನದು, ಇಮೇಲ್ ಅವನದು, ವಾಟ್ಸಾಪ್ ಗುಂಪಿನಲ್ಲಿ ನಂಬರೂ ಅವನದೇ. ತಪಾಸಣೆಯ ಕೌಂಟರಿನಲ್ಲಿ ಉತ್ತರ ಕೊಡಬೇಕಾದವಳಿಗೆ ತನ್ನ ‘ಎ’ ನಂಬರು ಗೊತ್ತಿರುವುದಿಲ್ಲ, ತನ್ನ ಡಿಎಸ್-260ರಲ್ಲಿ ಏನು ಬರೆದಿದೆ ಎಂದು ಗೊತ್ತಿರುವುದಿಲ್ಲ, ಏಕೆಂದರೆ ತುಂಬಿದವನು ಅವನು. ಹೊಸ ಸೊಸೆಗೆ ರಾಜ್ಯೋತ್ಸವದ ವೇದಿಕೆಯಲ್ಲಿ ಆರತಿ ತಟ್ಟೆ ಹಿಡಿಸುವಷ್ಟರಲ್ಲಿ ಸ್ವಾಗತ ಮುಗಿದುಹೋಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆ. ಕೂಟದ ಸದಸ್ಯರ ಮನೆಗೆ ವಲಸೆ ವೀಸಾದ ಮೇಲೆ ಯಾರಾದರೂ ಬರುತ್ತಿದ್ದಾರೆ ಎಂದು ಗೊತ್ತಾದರೆ, ಅವರು ವಿಮಾನ ಹತ್ತುವ ಎರಡು ವಾರ ಮುಂಚೆ ಒಬ್ಬ ಸ್ವಯಂಸೇವಕಿ ನೇರವಾಗಿ ಅವರೊಡನೆ, ಗಂಡನ ಫೋನಿನಲ್ಲಲ್ಲ ಅವರ ಫೋನಿನಲ್ಲಿ, ಮುಕ್ಕಾಲು ಗಂಟೆ ಕನ್ನಡದಲ್ಲಿ ಮಾತಾಡಲಿ. ಮೇಲಿನದೆಲ್ಲ ಒಂದು ಹಾಳೆಯ ಎರಡೂ ಬದಿಯಲ್ಲಿ ಹಿಡಿಯುತ್ತದೆ. ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿ, ಬಂದವರು ತಮ್ಮ ಕೈಯಲ್ಲೇ ಬರೆದುಕೊಳ್ಳಲು ಮೂರು ಖಾಲಿ ಜಾಗ ಬಿಡಿ: ಒಳಬಂದ ದಿನ, ಕಾರ್ಡು ಮುಗಿಯುವ ದಿನ, 90 ದಿನ ಶುರುವಾಗುವ ದಿನ. ಸದಸ್ಯತ್ವದ ಫಾರಂನಲ್ಲಿ ಹೆಂಡತಿಗೂ ಪ್ರತ್ಯೇಕ ಇಮೇಲ್ ಮತ್ತು ಫೋನಿನ ಜಾಗ ಇರಲಿ, ಇಪ್ಪತ್ತನೇ ತಿಂಗಳಿಗೆ ಅವರಿಗೇ ಒಂದು ನೆನಪೋಲೆ ಹೋಗಲಿ. ಕಾನೂನಿನ ಸಲಹೆಯನ್ನು ಮಾತ್ರ ನೀವಾಗಲೀ ನಾವಾಗಲೀ ಕೊಡಬಾರದು. ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಲಾಭರಹಿತ ಸಂಸ್ಥೆಗಳು ಬಹುತೇಕ ದೊಡ್ಡ ಊರುಗಳಲ್ಲಿವೆ, ಅವುಗಳ ವಿಳಾಸ ಹಾಳೆಯ ಕೆಳಗಿರಲಿ.

ಕನ್ನಡ ಶಾಲೆ ನಡೆಸುವ ಕೂಟಗಳಲ್ಲಿ ಇಂಗ್ಲಿಷ್, ಕನ್ನಡ ಎರಡೂ ಚೆನ್ನಾಗಿ ಬಲ್ಲ ತಾಯಂದಿರಿದ್ದಾರೆ. ಅವರಲ್ಲಿ ಹಲವರು ಇದೇ ಸಿಆರ್-1 ಮುದ್ರೆಯ ಮೇಲೆ ಬಂದವರು, ಅದೇ ಕೋಣೆಯಲ್ಲಿ ಕೂತು ಬಂದವರು. ಮೊದಲು ಅವರನ್ನು ಕೇಳಿ.

ಹಾಳೆಯ ಕರಡು ನಮ್ಮಲ್ಲಿ ಸಿದ್ಧವಿದೆ. ಶುಲ್ಕ, ಫಾರಂಗಳು ಆಗಾಗ ಬದಲಾಗುವುದರಿಂದ ಅಚ್ಚಿಗೆ ಹೋಗುವ ಮುನ್ನ ಪ್ರತಿ ಅಂಕಿಯನ್ನೂ ಇಲಾಖೆಯ ಪುಟದೊಡನೆ ಹೋಲಿಸಬೇಕು. ಆ ಕೆಲಸಕ್ಕೆ ಪ್ರತಿ ಕೂಟದಿಂದ ಒಬ್ಬರನ್ನು ಗೊತ್ತುಮಾಡಿ. ಬರುವ ಮಾಘ, ಫಾಲ್ಗುಣದ ಲಗ್ನಗಳು ಶುರುವಾಗುವುದರೊಳಗೆ ನಿಮ್ಮ ಉತ್ತರ ಬಂದರೆ ಉಪಕಾರವಾದೀತು.

ಇಂತಿ ನಿಮ್ಮ ವಿಶ್ವಾಸಿಗಳು,
ವಲಸೆ ಕಾಗದಪತ್ರಗಳ ಕೆಲಸದಲ್ಲಿ ಕೈಜೋಡಿಸುವ ಕೆಲವು ಕನ್ನಡಿಗರು